ಬರೀ ಅಂಕಿಯನ್ನು ನಂಬದ ಮೇಡಂ

ನಮ್ಮ ಎದುರುಮನೆಯ ಮೇಡಂ ತೀರಿಕೊಂಡರು ಎಂಬ ಸುದ್ದಿಯನ್ನು ಯಾರಾದರೂ ಅವರಿಗೇ ತಂದು ಮುಟ್ಟಿಸಿದ್ದರೆ, ಬಾಗಿಲನ್ನು ನಾಲ್ಕು ಬೆರಳಗಲ ತೆರೆದು “ಯಾರು ಹೇಳಿದ್ದು? ನೀವು ಕಣ್ಣಲ್ಲಿ ನೋಡಿದ್ರಾ?” ಎಂದು ಕೇಳಿಯೇ ಕೇಳುತ್ತಿದ್ದರು. ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಒಬ್ಬರು ಅವರನ್ನು ಗಣಿತದ ಮೇಡಂ ಎಂದರು. ಇನ್ನೊಬ್ಬರು ‘ಸದಾ ನಗುಮುಖದ ಹಿರಿಯರು’ ಎಂದು ಬರೆದರು. ಅವರು ಕಲಿಸುತ್ತಿದ್ದದ್ದು ಭೌತಶಾಸ್ತ್ರ. ನಗುವಿನ ವಿಷಯ ಹೇಳುವುದೇ ಬೇಡ. ಅವರ ಬಗ್ಗೆ ಯಾರಾದರೂ ಒಬ್ಬರು ಸರಿಯಾದದ್ದನ್ನು ಬರೆದಿಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ತಮ್ಮ ಹೆಸರು ಯಾವುದಾದರೂ ಕಾಗದದ ಮೇಲೆ ಕಂಡರೆ, ಅದು ಅಲ್ಲಿಗೆ ಹೇಗೆ ಹೋಯಿತು ಎಂದು ವಿಚಾರಣೆ ನಡೆಸುವವರು ಅವರು.

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ, ಹಳೆಯ ಮನೆಯೊಂದನ್ನು ಕೆಡವಿ ಕಟ್ಟಿದ ನಾಲ್ಕು ಅಂತಸ್ತಿನ ಕಟ್ಟಡ ನಮ್ಮದು. ಅಂತಸ್ತಿಗೆ ಎರಡು ಮನೆ. ವಿಮಾ ಕಚೇರಿಯ ಕೆಲಸದಿಂದ ನಾನು ನಿವೃತ್ತಳಾದ ವರ್ಷ, ನಾನೂ ನಮ್ಮ ಯಜಮಾನರೂ ಮೂರನೇ ಅಂತಸ್ತಿಗೆ ಬಂದೆವು. ಎದುರಿಗೆ ಮೇಡಂ ಒಬ್ಬರೇ. ಯಾವುದೋ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮದುವೆ ಮಾಡಿಕೊಂಡವರಲ್ಲ. ಸಣಕಲು ದೇಹ, ಒತ್ತಿ ಕಟ್ಟಿದ ತುರುಬು, ಹತ್ತಿ ಸೀರೆಯ ಸೆರಗಿಗೆ ಭುಜದ ಮೇಲೆ ಎರಡು ಪಿನ್ನು. ಒಂದೇ ಪಿನ್ನನ್ನು ನಂಬಿ ಹೊರಗೆ ಹೊರಡುವವರಲ್ಲ.

ಹಾಲುಕ್ಕಿಸುವ ದಿನ ಕರೆದಿದ್ದೆ. ಬಂದರು. ಎಲ್ಲರೂ ಮನೆಯ ಗಾಳಿ ಬೆಳಕಿನ ಬಗ್ಗೆ ಮಾತಾಡುತ್ತಿದ್ದರೆ ಇವರು ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗೆ ಬಗ್ಗಿ ನೋಡಿದರು. ಕೊನೆಯ ಕೆಲಸ ಮುಗಿಸುತ್ತಿದ್ದ ಪ್ಲಂಬರ್ ಅಲ್ಲಿಯೇ ಇದ್ದ.

“ಪೈಪು ಪರೀಕ್ಷೆ ಮಾಡಿದ್ದೀರಾ?”

“ಮಾಡಿದೀನಿ ಮೇಡಂ. ಹತ್ತು ಪ್ರೆಷರ್ ಕೊಟ್ಟು ನೋಡಿದೀನಿ.”

“ಹತ್ತು ಎಂತ?”

“ಹತ್ತು... ಹತ್ತು ಪ್ರೆಷರ್ರು.”

“ಹತ್ತು ಎಂತ ಮಾರಾಯ್ರೆ? ಮಾವಿನಹಣ್ಣಾ?”

“ಕೆಜಿ ಅಂತೀವಿ ಮೇಡಂ.”

“ಒಂದು ಕೆಜಿ ಅಕ್ಕಿ ನನ್ನ ಅಂಗೈ ಮೇಲೆ ಇಟ್ಟರೆ ಒಂದು ಲೆಕ್ಕ, ಸೂಜಿ ಮೊನೆ ಮೇಲೆ ಇಟ್ಟರೆ ಇನ್ನೊಂದು ಲೆಕ್ಕ. ಎಷ್ಟು ಜಾಗದ ಮೇಲೆ ಹತ್ತು ಕೆಜಿ?”

ಪ್ಲಂಬರ್ ನನ್ನ ಮುಖ ನೋಡಿದ. ನಾನು ನಮ್ಮ ಯಜಮಾನರ ಮುಖ ನೋಡಿದೆ. ಮೇಡಂ ಒಂದು ಬಾಳೆಹಣ್ಣನ್ನು ಮಾತ್ರ ಕೈಯಲ್ಲಿ ಹಿಡಿದು, “ಸಿಪ್ಪೆ ಇರೋದರಿಂದ ತೊಂದರೆ ಇಲ್ಲ” ಎಂದು ಹೇಳಿ ಹೊರಟುಹೋದರು.

ಮೇಡಂ ಮಂಗಳೂರಿನ ಕಡೆಯವರು. ಬೆಂಗಳೂರಿಗೆ ಬಂದು ಐವತ್ತು ವರ್ಷ ದಾಟಿದ್ದರೂ ಸಿಟ್ಟು ಬಂದಾಗ, ಅನುಮಾನ ಬಂದಾಗ ಆ ‘ಎಂತ’ ಹೊರಗೆ ಬರುತ್ತಿತ್ತು. ಅನುಮಾನ ದಿನವೂ ಬರುತ್ತಿದ್ದುದರಿಂದ ನಾವು ಅದನ್ನು ದಿನವೂ ಕೇಳುತ್ತಿದ್ದೆವು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವವನು “ಮೂವತ್ತು ಹಾಕ್ಲಾ?” ಎಂದರೆ ‘ಮೂವತ್ತು ಎಂತ?’ ಅಳತೆಯ ಹೆಸರಿಲ್ಲದ ಅಂಕಿಯೆಂದರೆ ಸಹಿ ಇಲ್ಲದ ಮೂಗರ್ಜಿ ಇದ್ದ ಹಾಗೆ, ಅದನ್ನು ಹರಿದು ಬಿಸಾಕಬೇಕು ಎನ್ನುವುದು ಅವರ ಮತ. ಹೀಗೆಂದ ಮೇಲೆ, “ಮೂಗರ್ಜಿ ಬರೆದವನಿಗಾದರೂ ಒಂದು ಉದ್ದೇಶ ಇರುತ್ತದೆ” ಎಂದು ಸೇರಿಸುತ್ತಿದ್ದರು.

ನಮ್ಮ ಯಜಮಾನರಿಗೂ ಅವರಿಗೂ ಪರಿಚಯ ಬೆಳೆದದ್ದು ರಕ್ತದೊತ್ತಡದ ಯಂತ್ರದಿಂದ. ಮನೆಯಲ್ಲಿ ಒಂದು ಯಂತ್ರ ಇಟ್ಟುಕೊಂಡಿದ್ದೆವು. ಒಂದು ಬೆಳಿಗ್ಗೆ ಅದರಲ್ಲಿ ಮೇಲೆ ಹದಿನೆಂಟು ಪಾಯಿಂಟ್ ಏಳು, ಕೆಳಗೆ ಹನ್ನೊಂದು ಪಾಯಿಂಟ್ ಮೂರು ಎಂದು ಬಂತು. ನೂರಿಪ್ಪತ್ತು, ನೂರ ಮೂವತ್ತು ನೋಡಿ ರೂಢಿಯಿದ್ದವರು. ಇವರು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿಬಿಟ್ಟರು. “ರಕ್ತನೇ ಓಡ್ತಿಲ್ಲ ಕಣೇ” ಎಂದರು. ನಾನು ಗಾಬರಿಯಲ್ಲಿ ಎದುರುಮನೆಯ ಗಂಟೆ ಒತ್ತಿದೆ. ಮೇಡಂ ಬಂದು ಮೊದಲು ರೋಗಿಯನ್ನು ನೋಡಲಿಲ್ಲ, ಯಂತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಯಾವುದೋ ಬಟನ್ ಒತ್ತಿದ್ದೀರಿ ನೀವು. ಪಾದರಸದ ಮಿಲಿಮೀಟರ್ ಹೋಗಿ ಕಿಲೋಪಾಸ್ಕಲ್ ಬಂದಿದೆ. ಇಲ್ಲಿ ಮೂಲೇಲಿ ಚಿಕ್ಕದಾಗಿ ಬರೆದಿದೆ, ಕಾಣಿಸ್ತಾ? ಏಳೂವರೆಯಿಂದ ಗುಣಿಸಿ.”

ಯಜಮಾನರು ಮಲಗಿದ್ದಲ್ಲಿಂದಲೇ, “ಏಳೂವರೆ ಅಂದ್ರೆ ಶನಿಕಾಟ ಅಲ್ವಾ ಮೇಡಂ?” ಎಂದರು.

“ಶನಿಯೋ ಗುರುವೋ, ಗುಣಿಸಿ ನೀವು.”

ಗುಣಿಸಿದರೆ ನೂರ ನಲವತ್ತು, ಎಂಬತ್ತೈದು. “ಸ್ವಲ್ಪ ಜಾಸ್ತಿ. ಉಪ್ಪಿನಕಾಯಿ ಕಡಿಮೆ ಮಾಡಿ” ಎಂದರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ನನ್ನನ್ನು ತಗ್ಗಿದ ದನಿಯಲ್ಲಿ ಕೇಳಿದರು: “ಬಟನ್ ಅವರೇ ಒತ್ತಿದ್ದಾ? ಮನೆಗೆ ಬೇರೆ ಯಾರಾದ್ರೂ ಬಂದಿದ್ರಾ?”

ಇಂಥವರನ್ನು ಕಟ್ಟಡದವರು ಹೇಗೆ ನೋಡುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಅವರು ಎಲ್ಲರನ್ನೂ ಶಂಕಿಸುತ್ತಿದ್ದರು, ಎಲ್ಲರೂ ಅವರನ್ನು ಶಂಕಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಕೆಳಗಡೆಯ ಕಾವೇರಿ ನೀರಿನ ನಲ್ಲಿಗೆ ಅವರು ನೀರಿನ ಒತ್ತಡ ತೋರಿಸುವ, ಗಡಿಯಾರದಂಥ ಒಂದು ಮುಳ್ಳಿನ ಬಿಲ್ಲೆ ಸಿಕ್ಕಿಸಿ, ನೀರು ಬಿಡುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತು ನೋಡತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ನೆಲ ಅಂತಸ್ತಿನ ಮನೆಯವರು “ಆಯಮ್ಮ ಸರ್ಕಾರಕ್ಕೆ ಸುದ್ದಿ ಕೊಡೋಳು” ಎಂದು ಮನೆಮನೆಗೆ ಹೇಳಿಕೊಂಡು ಬಂದರು. ನೀರಿನ ಕೊಳವೆಗೇ ನೇರವಾಗಿ ಮೋಟಾರು ಕೂಡಿಸಿ ಎಳೆದುಕೊಳ್ಳುತ್ತಿದ್ದವರು ಆ ಮನೆಯವರೇ. ಕೆಲವು ದಿನಗಳಲ್ಲಿ ಮೋಟಾರಿನ ಸದ್ದು ತಾನಾಗಿ ನಿಂತಿತು. ಮೇಡಂ ಯಾರಿಗೂ ಏನನ್ನೂ ಹೇಳಿರಲಿಲ್ಲ. ಆದರೂ ಆಮೇಲೆ ಲಿಫ್ಟಿನಲ್ಲಿ ಅವರಿದ್ದರೆ ಜನ ಮಾತು ನಿಲ್ಲಿಸುತ್ತಿದ್ದರು. ನಾನೂ ಒಂದೆರಡು ಸಲ ನಿಲ್ಲಿಸಿದ್ದೇನೆ. ಅವರ ಬಾಗಿಲಿನ ಕಿಂಡಿಗಾಜಿನ ಹಿಂದೆ ನೆರಳು ಸರಿದಂತೆ ಕಂಡರೆ ನಾನೂ ಬೇಗಬೇಗ ಮೆಟ್ಟಿಲಿಳಿದುಬಿಡುತ್ತಿದ್ದೆ.

ಸೋಂಕಿನ ಎರಡನೇ ಅಲೆ ಬಂದಾಗ ಊರಿಗೆ ಊರೇ ಮೇಡಂ ಥರ ಆಯಿತು. ಯಾರು ಕೆಮ್ಮಿದರೂ ಅನುಮಾನ, ಹಾಲಿನ ಪ್ಯಾಕೆಟ್ಟಿನ ಮೇಲೆ ಅನುಮಾನ, ಗೇಟಿನ ಚಿಲಕದ ಮೇಲೆ ಅನುಮಾನ. ಔಷಧಿ ಎಂದು ನೀರು ತುಂಬಿ ಮಾರಿದರಂತೆ, ಖಾಲಿ ಸಿಲಿಂಡರಿಗೆ ಬಣ್ಣ ಬಳಿದು ಕೊಟ್ಟರಂತೆ ಎಂಬ ಸುದ್ದಿಗಳು ಫೋನಿನಲ್ಲಿ ಬಿಡುವಿಲ್ಲದೆ ಬರುತ್ತಿದ್ದವು. ನನಗೂ ನಮ್ಮ ಯಜಮಾನರಿಗೂ ಒಟ್ಟಿಗೇ ಸೋಂಕು ತಗುಲಿತು. ನನ್ನದು ಜ್ವರದಲ್ಲಿ ಮುಗಿಯಿತು. ಅವರಿಗೆ ಉಸಿರು ಸಾಲದಾಯಿತು. ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಇರಲಿಲ್ಲ. ಹಾಸಿಗೆ ಸಿಗುವ ತನಕ ಮನೆಯಲ್ಲೇ ಆಕ್ಸಿಜನ್ ಕೊಡುತ್ತಿರಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮೊದಲ ಸಿಲಿಂಡರ್ ಹೇಗೋ ಸಿಕ್ಕಿತು. ಅದು ಮುಗಿಯುತ್ತ ಬಂದ ಬೆಳಿಗ್ಗೆ, ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಶ್ರೀಕಂಠಯ್ಯನವರು ಯಾರಯಾರಿಗೋ ಫೋನ್ ಮಾಡಿ ಇನ್ನೊಂದನ್ನು ತರಿಸಿದರು. ದೊಡ್ಡ ದನಿಯ, ಕೆಟ್ಟವರಲ್ಲದ ಮನುಷ್ಯ ಅವರು. ಸಿಲಿಂಡರಿನ ಬಾಯಿಗೆ ಕೂಡಿಸಿ ಒಳಗೆ ಎಷ್ಟಿದೆ ಎಂದು ನೋಡುವ ಮೀಟರೊಂದನ್ನು ಅಸೋಸಿಯೇಷನ್ ಕಡೆಯಿಂದ ಆನ್‌ಲೈನಿನಲ್ಲಿ ಕೊಂಡಿದ್ದರು. ಅದನ್ನು ಅವತ್ತೇ ಮೊದಲ ಸಲ ಬಳಸಿದ್ದು.

ನಾನು ಕೆಳಗಿಳಿಯುವಂತಿರಲಿಲ್ಲ. ಬಾಲ್ಕನಿಯಿಂದ ನೋಡುತ್ತಿದ್ದೆ. ಸಾಮಾನು ಸಾಗಿಸುವ ಆಟೋದಲ್ಲಿ ಸಿಲಿಂಡರ್ ತಂದಿದ್ದವನ ಹೆಸರು ಮುನಿರಾಜು. ಶ್ರೀಕಂಠಯ್ಯನವರು ಗೇಟಿನ ಹತ್ತಿರವೇ ಮೀಟರು ಕೂಡಿಸಿ, ಕೀಲಿ ತಿರುಗಿಸಿ ನೋಡಿದವರು ಕಿರುಚಿದರು.

“ಏನಯ್ಯ ಇದು? ಫುಲ್ ಅಂದ್ರೆ ನೂರೈವತ್ತು ಇರ್ಬೇಕು. ಇಲ್ಲಿ ಹದಿನೈದು ತೋರಿಸ್ತಿದೆ! ಖಾಲಿ ಸಿಲಿಂಡರ್ ತಂದು ತಲೆಗೆ ಕಟ್ತೀಯಾ?”

“ಪ್ಲಾಂಟಿಂದ ಈಗ್ಲೇ ತುಂಬಿಸ್ಕೊಂಡ್ ಬಂದಿವ್ನಿ ಸಾರ್. ಸೀಲ್ ನೀವೇ ಕಿತ್ರಲ್ಲ.”

“ಸೀಲ್ ಹಾಕೋದೇನು ದೊಡ್ಡ ವಿಷಯ! ಜನ ಸಾಯ್ತಿರೋ ಹೊತ್ತಲ್ಲಿ ಇಂಥ ಕೆಲಸ ಮಾಡ್ತೀರಲ್ಲೋ, ಮನುಷ್ಯರಾ ನೀವು?”

ಮೊದಲ ಅಂತಸ್ತಿನವರು ಬಾಲ್ಕನಿಯಿಂದ ಫೋನು ಹಿಡಿದು ವೀಡಿಯೊ ಮಾಡತೊಡಗಿದರು. ಯಾರೋ ಪೊಲೀಸರನ್ನು ಕರೆಯಿರಿ ಎಂದರು. ಇನ್ಯಾರೋ ಆಟೋದ ನಂಬರ್ ಬರೆದುಕೊಳ್ಳಿ ಎಂದರು. ಮುನಿರಾಜುವಿನ ಮುಖಕ್ಕೆ ಮಾಸ್ಕ್ ಇತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಅವನು ಒಂದು ಸಲ ಮೇಲೆ, ನಮ್ಮೆಲ್ಲರ ಬಾಲ್ಕನಿಗಳ ಕಡೆ ನೋಡಿದ. ಮೀಟರನ್ನು ಬಿಚ್ಚಿ ಶ್ರೀಕಂಠಯ್ಯನವರ ಕೈಗೆ ಕೊಟ್ಟು, ಸಿಲಿಂಡರನ್ನು ತಬ್ಬಿ ಎತ್ತಿದ.

“ಬ್ಯಾಡ ಅಂದ್ರೆ ಬುಡಿ ಸಾರ್. ಹನುಮಂತನಗರದಲ್ಲಿ ಒಂದ್ ಮನೇಲಿ ಕಾಯ್ತಾವ್ರೆ.”

ಒಳಗೆ ನಮ್ಮ ಯಜಮಾನರ ಉಸಿರಿನ ಸದ್ದು ನನಗೆ ಬಾಲ್ಕನಿಯವರೆಗೂ ಕೇಳುತ್ತಿತ್ತು. ‘ಹೋಗಬೇಡ, ಹದಿನೈದೇ ಇರಲಿ, ಕೊಟ್ಟು ಹೋಗಪ್ಪ’ ಎಂದು ಕೂಗಲು ಬಾಯಿ ತೆರೆದೆ. ಜ್ವರ ಬಿಟ್ಟ ಗಂಟಲಿನಿಂದ ಗಾಳಿ ಮಾತ್ರ ಬಂತು. ಆಗ ಪಕ್ಕದ ಬಾಲ್ಕನಿಯಿಂದ, ಇಡೀ ತರಗತಿಯನ್ನು ಎದ್ದು ನಿಲ್ಲಿಸುವಂಥ ದನಿ ಕೇಳಿಸಿತು.

“ಹದಿನೈದು ಎಂತ?”

ಎಲ್ಲರೂ ತಲೆಯೆತ್ತಿದರು.

“ಶ್ರೀಕಂಠಯ್ಯನವರೇ, ನಿಮ್ಮನ್ನೇ ಕೇಳಿದ್ದು. ಹದಿನೈದು ಎಂತ? ಆ ಆಟೋ ಹೋಗೋದು ಬೇಡ. ನಾನು ಬರ್ತಿದ್ದೇನೆ.”

ಎರಡು ಮಾಸ್ಕ್ ಹಾಕಿಕೊಂಡು, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕಂಕುಳಲ್ಲಿ ಮೈತೂಕ ನೋಡುವ ಯಂತ್ರ ಇಟ್ಟುಕೊಂಡು ಮೇಡಂ ಕೆಳಗಿಳಿದರು. ಮೀಟರನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು.

“ಮುಳ್ಳಿನ ಕೆಳಗೆ ಎಂ ಪಿ ಎ ಅಂತ ಬರೆದಿದೆಯಲ್ಲ?”

“ಅದು ಕಂಪನಿ ಹೆಸರು ಮೇಡಂ.”

“ಕಂಪನಿ ಹೆಸರಲ್ಲ ಮಾರಾಯ್ರೆ. ಮೆಗಾಪಾಸ್ಕಲ್. ನೂರೈವತ್ತು ಅಂದ್ರಲ್ಲ, ಅದು ಯಾವುದರಲ್ಲಿ?”

“ವಾಟ್ಸಪ್ಪಲ್ಲಿ ಬಂದಿತ್ತು... ಕೆಜಿಯೋ ಬಾರೋ ಏನೋ ಇತ್ತು.”

“ಕೆಜಿ ಅಂದ್ರೂ ಬಾರ್ ಅಂದ್ರೂ ಇಲ್ಲಿ ಹೆಚ್ಚುಕಮ್ಮಿ ಒಂದೇ. ಒಂದು ಮೆಗಾಪಾಸ್ಕಲ್ ಅಂದ್ರೆ ಹತ್ತು ಬಾರ್. ಹದಿನೈದನ್ನ ಹತ್ತರಿಂದ ಗುಣಿಸೋಕೆ ನಿಮಗೆ ಕಾಗದ ಬೇಕಾ? ನೂರೈವತ್ತೇ ಇದೆ. ಸಿಲಿಂಡರ್ ತುಂಬಿದೆ.”

ಶ್ರೀಕಂಠಯ್ಯನವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. “ಮೀಟರೇ ಡೂಪ್ಲಿಕೇಟ್ ಇದ್ರೆ?” ಎಂದರು.

ಮೇಡಂ ಕಣ್ಣರಳಿಸಿದರು. “ಇದು ಸರಿಯಾದ ಪ್ರಶ್ನೆ” ಎಂದರು. ತೂಕದ ಯಂತ್ರವನ್ನು ನೆಲಕ್ಕಿಟ್ಟು, ನೆಲ ಅಂತಸ್ತಿನ ಮನೆಯಿಂದ ಸೀಲ್ ಒಡೆಯದ ಹತ್ತು ಕೆಜಿ ಅಕ್ಕಿ ಚೀಲ ತರಿಸಿ ಮೊದಲು ಯಂತ್ರವನ್ನೇ ಪರೀಕ್ಷಿಸಿದರು. ಆಮೇಲೆ ಸಿಲಿಂಡರನ್ನು ಅದರ ಮೇಲೆ ನಿಲ್ಲಿಸಲು ಹೇಳಿದರು. ಮುನಿರಾಜು ನಿಲ್ಲಿಸಿ ಅಲ್ಲೇ ನಿಂತ.

“ನೀವು ದೂರ ನಿಲ್ಲಿ. ಕಾಲು ತಾಗಿಸಿದ್ರೆ ತೂಕ ಬದಲಾಗ್ತದೆ. ನಿಮ್ಮನ್ನೂ ನಾನು ನಂಬೋದಿಲ್ಲ.”

ಮುನಿರಾಜುವಿಗೆ ಅದೇಕೋ ನಗು ಬಂತು. ಎರಡು ಹೆಜ್ಜೆ ಹಿಂದೆ ಸರಿದ.

ಖಾಲಿ ಸಿಲಿಂಡರಿನ ತೂಕ ಎಷ್ಟೆಂದು ಅದರ ಭುಜದ ಮೇಲೆಯೇ ಕೆತ್ತಿರುತ್ತಾರಂತೆ. ಅದನ್ನು ಎಲ್ಲರಿಗೂ ಓದಿ ಹೇಳಿ, ಯಂತ್ರದ ಅಂಕಿಯನ್ನೂ ಓದಿದರು. ಎರಡರ ನಡುವಿನ ವ್ಯತ್ಯಾಸ ಎರಡು ಕೆಜಿಗಿಂತ ತುಸು ಜಾಸ್ತಿಯೇ ಇತ್ತು.

“ಈ ಎರಡು ಕೆಜಿ ಎಂತದು? ಕಬ್ಬಿಣ ಬಸಿರಾಗಿದೆಯಾ? ಅದು ಆಕ್ಸಿಜನ್ನು. ಖಾಲಿ ಆಗಿದ್ರೆ ಈ ತೂಕ ಬರ್ತಿರಲಿಲ್ಲ. ಈಗ ಇವರ ಹತ್ರ ತಪ್ಪಾಯ್ತು ಅನ್ನಿ, ಬೇಗ ಮೇಲೆ ಕಳಿಸಿ.”

ಶ್ರೀಕಂಠಯ್ಯನವರು ಕೈಮುಗಿದರು. “ತಪ್ಪಾಯ್ತಪ್ಪ.”

“ಇರ್ಲಿ ಬುಡಿ ಸಾರ್. ಎಲ್ಲಾ ಮನೇಲೂ ಇದೇ ಆಗೋಗೈತೆ” ಎಂದು ಮುನಿರಾಜು ಸಿಲಿಂಡರನ್ನು ಹೆಗಲಿಗೇರಿಸಿದ. ಲಿಫ್ಟು ಬೇಡ ಎಂದು ಮೆಟ್ಟಿಲು ಹತ್ತಿಯೇ ಬಂದ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಬಿಟ್ಟರೆ ಅದು ಸಂಜೆಯವರೆಗೆ ಬಂತು. ಸಂಜೆ ವಿಶ್ವೇಶ್ವರಪುರದ ಕಡೆಯ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಸಿಕ್ಕಿತು. ಕೆಲವು ವಾರಗಳ ಮೇಲೆ ನಮ್ಮ ಯಜಮಾನರು, ಅಳತೆಗೆ ಎರಡು ಸುತ್ತು ದೊಡ್ಡದಾದ ಅಂಗಿಯೊಳಗೆ ಮನೆಗೆ ಬಂದರು.

ಅವರು ಮತ್ತೆ ಮೆಟ್ಟಿಲು ಹತ್ತುವಂತಾದ ಮೇಲೆ ಒಂದು ಸಂಜೆ ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಮೇಡಂ ತಮ್ಮ ಬಟ್ಟೆಯ ಕ್ಲಿಪ್ಪುಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಹಾಲಿನವನ ಮೇಲೂ ಅನುಮಾನ ಪಡೋರು ನೀವು. ಅವತ್ತು ಆ ಮುನಿರಾಜು ಮೇಲೆ ಯಾಕೆ ಪಡಲಿಲ್ಲ?”

“ಪಟ್ಟೆನಲ್ಲ. ದೂರ ನಿಲ್ಲಿಸಿದ್ದು ಯಾಕೆ ಮತ್ತೆ?” ಎಂದರು. ಕ್ಲಿಪ್ಪು ಎಣಿಸುವುದನ್ನು ನಿಲ್ಲಿಸಿದರು. “ನನಗೆ ಎಲ್ಲರ ಮೇಲೂ ಅನುಮಾನವೇ. ಆದ್ರೆ ಎಲ್ಲರೂ ಸೇರಿ ಒಬ್ಬನ ಮೇಲೆ ಅನುಮಾನ ಪಟ್ಟರೆ, ಆಗ ಆ ಎಲ್ಲರ ಮೇಲೆ ಹೆಚ್ಚು ಅನುಮಾನ.”

ಆಮೇಲೆ ತಾವಾಗಿಯೇ ಹೇಳತೊಡಗಿದರು. ಅವರು ಅಷ್ಟು ಮಾ‌ತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇಪ್ಪತ್ತಮೂರನೆಯ ವಯಸ್ಸಿಗೆ ಮಂಗಳೂರಿನಿಂದ ಬಂದು ಮೊದಲ ಕೆಲಸಕ್ಕೆ ಸೇರಿದ್ದರಂತೆ. ಪ್ರಯೋಗಶಾಲೆಯ ಮೂಲೆಯಲ್ಲಿ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ತೂಗುಹಾಕಿತ್ತು. ಅದನ್ನು ನೋಡಿ ಅಂಕಿ ಬರೆದುಕೊಂಡು ಬನ್ನಿ ಎಂದು ಹುಡುಗಿಯರಿಗೆ ಹೇಳಿದರು. ಇಡೀ ತರಗತಿ ಎಪ್ಪತ್ತಾರು ಸೆಂಟಿಮೀಟರ್ ಎಂದು ಬರೆದುಕೊಂಡು ಬಂತು. ಒಬ್ಬಳು ಮಾತ್ರ ಅರವತ್ತೆಂಟೂವರೆ ಎಂದು ಬರೆದಿದ್ದಳು. ಅವಳ ಹೆಸರು ವಿಶಾಲಾಕ್ಷಿ.

“ನಮ್ಮೂರು ಸಮುದ್ರದ ದಡ. ಅಲ್ಲಿ ಎಪ್ಪತ್ತಾರೇ ಬರೋದು. ಪುಸ್ತಕದಲ್ಲೂ ಎಪ್ಪತ್ತಾರು. ಅವಳನ್ನ ಎಬ್ಬಿಸಿ ನಿಲ್ಲಿಸಿದೆ. ಕೊಳವೆ ನೋಡಿ ಬರೆದೆಯಾ ಇಲ್ಲ ಮನೇಲಿ ಕೂತು ಬರೆದೆಯಾ ಅಂದೆ. ನೋಡಿ ಬರೆದೆ ಮಿಸ್ ಅಂದ್ಲು. ಸುಳ್ಳಿ ಅಂದೆ. ಎಲ್ಲರೆದುರು. ಇನ್ನೊಂದು ಸಲ ಮಾಡ್ಕೊಂಡು ಬಾ ಅಂತ ಕಳಿಸಿದೆ. ಮಾರನೇ ದಿನ ಎಪ್ಪತ್ತಾರು ಅಂತ ಬರ್ಕೊಂಡು ಬಂದ್ಲು. ಪೂರ್ತಿ ಮಾರ್ಕು ಕೊಟ್ಟು, ತಪ್ಪು ಒಪ್ಪಿಕೊಳ್ಳೋಕೆ ಧೈರ್ಯ ಬೇಕು ಅಂತ ಭಾಷಣ ಬೇರೆ ಮಾಡಿದೆ.”

“ಆಮೇಲೆ?”

“ರಜೆಗೆ ಮುಂಚೆ ಒಂದು ದಿನ ನಾನೇ ಹೋಗಿ ಆ ಕೊಳವೆ ನೋಡಿದೆ. ಅರವತ್ತೆಂಟೂವರೆ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ ಅಂತ ಪಾಠ ಮಾಡಿದವಳು ನಾನೇ. ಬೆಂಗಳೂರಲ್ಲಿ ನಿಂತು ಮಂಗಳೂರಿನ ಗಾಳಿ ಅಳೀತಿದ್ದೆ. ಇಡೀ ತರಗತಿಯಲ್ಲಿ ಕೊಳವೆ ಹತ್ರ ಹೋಗಿ ಕಣ್ಣಿಟ್ಟು ನೋಡಿದವಳು ಅವಳೊಬ್ಬಳೇ. ಉಳಿದವರೆಲ್ಲ ಪುಸ್ತಕ ನೋಡಿ ಬರೆದವರು.”

“ವಿಶಾಲಾಕ್ಷಿ ಅವರಿಗೆ ಹೇಳಿದ್ರಾ?”

“ಅಷ್ಟು ಹೊತ್ತಿಗೆ ಅವಳು ವಿಜ್ಞಾನ ಬಿಟ್ಟು ಚರಿತ್ರೆಗೆ ಸೇರಿದ್ಲು. ಹೇಳಲಿಲ್ಲ. ಹೊಸ ಕೆಲಸ, ಹುಡುಗಿಯರು ನಗ್ತಾರೆ ಅಂತ.”

“ಈಗೆಲ್ಲಿದ್ದಾರೋ ಪಾಪ.”

“ಮಲ್ಲೇಶ್ವರದಲ್ಲಿ. ಸಂಪಿಗೆ ರಸ್ತೆಯಿಂದ ಒಳಗೆ. ಯಾವಾಗ್ಲೂ ಗೊತ್ತಿತ್ತು ನನಗೆ. ಎರಡು ಸಲ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ.”

ಮುಂದಿನ ವಾರ ನಾನೂ ಅವರೂ ಹೊರಟೆವು. ನಾನೇ ಒತ್ತಾಯ ಮಾಡಿದೆ. ಆಟೋದವನು ದಾರಿ ಸುತ್ತಿಸುತ್ತಿದ್ದಾನೆ ಎಂದು ಎರಡು ಕಡೆ ಜಗಳವಾಡಿದರು. ಸಂಪಿಗೆ ರಸ್ತೆ ಬರುತ್ತಿದ್ದಂತೆ ಜಗಳ ಬಿಟ್ಟು ಸೆರಗಿನ ಪಿನ್ನುಗಳನ್ನು ಮುಟ್ಟಿ ನೋಡಿಕೊಂಡರು.

ಬಾಗಿಲು ತೆರೆದವರು ಅರವತ್ತೈದು ದಾಟಿದ, ಕನ್ನಡಕ ಹಾಕಿದ, ಗಟ್ಟಿಮುಟ್ಟಾದ ಹೆಂಗಸು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಮೇಡಂ ಮಾಸ್ಕ್ ತೆಗೆಯುವ ಮುಂಚೆಯೇ ಅವರು ಗುರುತು ಹಿಡಿದರು.

“ಮಿಸ್?”

ಒಳಗೆ ಕೂಡಿಸಿದರು. ಕಾಫಿ ತಂದರು. ಆದರೆ ಮುಖ ಸಡಿಲವಾಗಲಿಲ್ಲ. “ಯಾಕ್ ಬಂದ್ರಿ ಮಿಸ್? ನಿಮಗೇನಾದ್ರೂ ಕಾಯಿಲೆನಾ?”

“ಇಲ್ಲ.”

“ನನ್ನ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?”

“ಇಲ್ಲ. ನಿನ್ನ ಅಳತೆ ಸರಿ ಇತ್ತು ಅಂತ ಹೇಳಲಿಕ್ಕೆ ಬಂದೆ. ಅರವತ್ತೆಂಟೂವರೆ.”

ಮೇಡಂ ಕೈಚೀಲದಿಂದ ಫೋನು ತೆಗೆದರು. ಗಾಳಿಯ ಒತ್ತಡ ತೋರಿಸುವ ಆ್ಯಪ್ ಒಂದು ಅದರಲ್ಲಿತ್ತು. ತೆರೆದು ವಿಶಾಲಾಕ್ಷಿಯ ಮುಂದೆ ಹಿಡಿದರು. ಒಂಬೈನೂರ ಹನ್ನೆರಡು ಎಂದಿತ್ತು.

“ಇದು ಯಾವ ಲೆಕ್ಕ?”

“ಹೆಕ್ಟೋಪಾಸ್ಕಲ್. ಮುಕ್ಕಾಲು ಪಾಲು ತಗೊಂಡ್ರೆ ಪಾದರಸದ ಮಿಲಿಮೀಟರ್. ನೀನೇ ಮಾಡಿ ನೋಡು. ನನ್ನ ಮಾತು ನಂಬಬೇಡ.”

ವಿಶಾಲಾಕ್ಷಿ ಕಾಫಿ ಲೋಟ ಕೆಳಗಿಟ್ಟು ಬಾಯಲ್ಲೇ ಲೆಕ್ಕ ಹಾಕಿದರು. “ಕಾಲು ಅಂದ್ರೆ ಇನ್ನೂರ ಇಪ್ಪತ್ತೆಂಟು. ಕಳೆದ್ರೆ ಆರುನೂರ ಎಂಬತ್ನಾಲ್ಕು. ಸೆಂಟಿಮೀಟರಲ್ಲಿ... ಅರವತ್ತೆಂಟು ಪಾಯಿಂಟ್ ನಾಲ್ಕು.” ಫೋನಿನ ಕಡೆಯೇ ನೋಡುತ್ತ ಕೂತರು. ಆಮೇಲೆ ನಿಧಾನವಾಗಿ ಮಾತಾಡಿದರು.

“ಸುಳ್ಳಿ ಅಂದಿದ್ದು ನಂಗೆ ಅಷ್ಟು ನಾಟಲಿಲ್ಲ ಮಿಸ್. ಮನೆಗೆ ಹೋಗಿ ಅತ್ತೆ, ಮುಗೀತು. ಮಾರನೇ ದಿನ ನಿಜವಾಗ್ಲೂ ಸುಳ್ಳು ಬರ್ಕೊಂಡು ಬಂದೆ. ಅದಕ್ಕೆ ನೀವು ಪೂರ್ತಿ ಮಾರ್ಕ್ಸ್ ಕೊಟ್ರಿ, ಹೊಗಳಿದ್ರಿ. ಅದು ನಾಟ್ತು. ಆಮೇಲೆ ಜೀವನದಲ್ಲಿ ಯಾರು ನನ್ನನ್ನ ಹೊಗಳಿದ್ರೂ, ಇವ್ರಿಗೆ ಏನು ಬೇಕಾಗಿದೆ ಅಂತ ನೋಡ್ತಿದ್ದೆ. ಮದುವೆಯಾದವ್ರು ಹೊಗಳಿದ್ರೂ ಅಷ್ಟೇ, ಮಕ್ಕಳು ಹೊಗಳಿದ್ರೂ ಅಷ್ಟೇ.”

ಮೇಡಂ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಎದ್ದು ನಿಂತ ವಿದ್ಯಾರ್ಥಿನಿಯ ಮುಖದ ಹಾಗೆ ಇತ್ತು ಅವರ ಮುಖ. “ಕ್ಷಮಿಸ್ತೀಯಾ?” ಎಂದರು.

“ಆಯ್ತು ಮಿಸ್. ಕ್ಷಮಿಸಿದೀನಿ. ಕಾಫಿ ಆರೋಗುತ್ತೆ, ಕುಡೀರಿ.”

ಹಿಂತಿರುಗುವಾಗ ಆಟೋ ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಸಿಗ್ನಲ್ಲಿಗೆ ನಿಂತಾಗ ಮೇಡಂ ಕೇಳಿದರು.

“ಅವಳು ಕ್ಷಮಿಸಿದ್ಲು ಅಂತೀರಾ?”

“ಅವರೇ ಬಾಯಿಬಿಟ್ಟು ಹೇಳಿದ್ರಲ್ಲ ಮೇಡಂ.”

“ನನಗೆ ಅನುಮಾನ.”

ಆಮೇಲೆ ಭಾನುವಾರಗಳಂದು ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ನಮ್ಮ ಅಡುಗೆಮನೆಯ ಕಿಟಕಿಗೆ ಮೇಡಂ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಬ್ಬಕ್ಕೆ ವಿಶಾಲಾಕ್ಷಿ ಒಂದೆರಡು ಸಲ ಬಸವನಗುಡಿಗೆ ಬಂದು ಹೋದರು. ಮೇಡಂ ಕಟ್ಟಡದವರ ಜೊತೆ ಮೊದಲಿಗಿಂತ ಮೆತ್ತಗಾದರು ಎಂದೇನೂ ಹೇಳಲಾರೆ. ಹೋದ ವರ್ಷ ನಾನು ಕೊಟ್ಟ ಹೋಳಿಗೆಯನ್ನು ತಿನ್ನುವ ಮುಂಚೆ ಯಾವ ಅಂಗಡಿಯ ಬೇಳೆ ಎಂದು ಕೇಳಿದ್ದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಅವರ ಬಾಗಿಲಲ್ಲೇ ಉಳಿದಿತ್ತು. ಬಾಗಿಲು ತೆಗೆಸಿ ನೋಡಿದರೆ, ನಿದ್ದೆಯಲ್ಲೇ ಹೋಗಿದ್ದರು. ಮಂಗಳೂರಿನಿಂದ ಅವರ ತಮ್ಮ ಬರುವವರೆಗೆ ನಾವೇ ಕೂತಿದ್ದೆವು. ಸುದ್ದಿ ತಿಳಿದ ತಕ್ಷಣ ವಿಶಾಲಾಕ್ಷಿ ಬಂದರು. ತಲೆಯ ಹತ್ತಿರ ಕೂತು, ಜಾರಿದ ಸೆರಗನ್ನು ಸರಿಮಾಡಿದರು. ಬಹಳ ಹೊತ್ತಾದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು.

“ಪ್ರತಿ ಭಾನುವಾರ ಫೋನ್ ಇಡೋ ಮುಂಚೆ ಕೇಳೋರು, ನಿಜವಾಗ್ಲೂ ಕ್ಷಮಿಸಿದೀಯಾ ಅಂತ. ಪ್ರತಿ ಸಲ ಹೌದು ಮಿಸ್ ಅಂತಿದ್ದೆ. ಒಂದ್ ಸಲನೂ ನಂಬಲಿಲ್ಲ.”

“ನಿಜವಾಗ್ಲೂ ಕ್ಷಮಿಸಿದ್ರಾ ನೀವು?” ಎಂದು ಕೇಳಿಬಿಟ್ಟೆ.

ಅವರು ಮೇಡಂ ಮುಖವನ್ನೇ ನೋಡುತ್ತಿದ್ದರು.

“ಮೊದಮೊದಲು ಹೇಳಿದಾಗ ಇಲ್ಲ. ಅವ್ರ ಅನುಮಾನ ಸರಿಯಾಗೇ ಇತ್ತು. ಆಮೇಲೆ ಯಾವ್ದೋ ಒಂದ್ ಭಾನುವಾರ ಹೌದು ಅಂದಾಗ ಅದು ನಿಜ ಆಗ್ಹೋಗಿತ್ತು. ಯಾವ ಭಾನುವಾರ ಅಂತ ನಂಗೂ ತಿಳೀಲಿಲ್ಲ.”